ಗುಡ್ಡಕ್ಕೆ ಬೆನ್ನು ಮಾಡಿದ ಬೆಂಚು

ನನ್ನ ಜೀವಮಾನದಲ್ಲಿ ನಾನು ಅತಿ ಹೆಚ್ಚು ಬೈದದ್ದು ಕಟ್ಟೆಯ ಮೇಲೆ ಕೂತ ಗಂಡಸರನ್ನು. ಕಳ್ಳರನ್ನೂ ಅಷ್ಟು ಬೈದಿಲ್ಲ. ಕಳ್ಳ ಏನಿಲ್ಲವೆಂದರೂ ಒಂದು ಕೆಲಸ ಅಂತ ಮಾಡುತ್ತಾನೆ. ಗದಗಿನ ಕಡೆಯ ನಮ್ಮೂರಲ್ಲಿ ಬೇವಿನ ಮರದ ಸುತ್ತ ಒಂದು ಕಲ್ಲಿನ ಕಟ್ಟೆ ಇತ್ತು. ನಮ್ಮ ಮನೆಯವರು ಹತ್ತಿ ಜಿನ್ನಿನಲ್ಲಿ ತೂಕ ಹಾಕುವ ಕೆಲಸ ಮುಗಿಸಿ ನಾಲ್ಕಕ್ಕೆ ಮನೆಗೆ ಬಂದು, ಚಹಾ ಕುಡಿದು, ಹೆಗಲಿಗೆ ಟವೆಲ್ಲು ಹಾಕಿ ಹೊರಟರೆಂದರೆ ನೇರ ಆ ಕಟ್ಟೆಗೆ. ಅಲ್ಲಿ ಕೂತು ಏನು ಮಾಡುತ್ತಿದ್ದರು? ಹೋಗುವವರನ್ನು ನೋಡುತ್ತಿದ್ದರು, ಬರುವವರನ್ನು ನೋಡುತ್ತಿದ್ದರು. ನಾನು ಕೊಡ ಹೊತ್ತುಕೊಂಡು ಎದುರಿಗೆ ಹಾದರೆ ನನ್ನನ್ನೂ ಊರವರಂತೆಯೇ ನೋಡುತ್ತಿದ್ದರು. ಕತ್ತಲಾಗುತ್ತ ಬಂದಾಗ ನಾನು ಬಾಗಿಲಲ್ಲಿ ನಿಂತು, "ರೊಟ್ಟಿ ಆರಾಕತ್ತಾವ, ಏಳ್ರಿ! ಕೆಳಗ ಬೇರ ಬಿಟ್ಟಾವೇನು?" ಎಂದು ಕೂಗುತ್ತಿದ್ದೆ. "ನೀ ನಡಿ, ನಾ ಬಂದೆ" ಅನ್ನುತ್ತಿದ್ದರು. ಬರುತ್ತಿರಲಿಲ್ಲ. ಮೂವತ್ತೆಂಟು ವರ್ಷ ಇದೇ ಎರಡು ಮಾತು. ನಮ್ಮ ಸಂಸಾರದಲ್ಲಿ ಬೇರೆ ಮಾತೇ ಇರಲಿಲ್ಲವೇನೋ ಎಂದು ಒಮ್ಮೊಮ್ಮೆ ಅನುಮಾನ ಬರುತ್ತದೆ.

ಅಂಥ ನಾನು ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ನ್ಯೂಜಿಲ್ಯಾಂಡಿನ ದಕ್ಷಿಣದ ತುದಿಯ ಒಂದು ಹಳ್ಳಿಯಲ್ಲಿ, ಕೂರುವುದಕ್ಕೆ ಜಾಗ ಬೇಕೆಂದು ತುಂಬಿದ ಸಭೆಯಲ್ಲಿ ಎದ್ದು ನಿಂತೆ. ನಗುವವರು ಈಗಲೇ ನಕ್ಕುಬಿಡಿ.

ನನ್ನ ಮಗಳು ಶೈಲಾ ಇಲ್ಲಿ ಹತ್ತಿರದ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸು. ಅಳಿಯ ಹಾಲಿನ ಪುಡಿಯ ಕಾರ್ಖಾನೆಯಲ್ಲಿ ಎಂಜಿನಿಯರು. ಮೊಮ್ಮಗಳು ಅನ್ವಿಗೆ ಹನ್ನೆರಡು. ನಾನು ಹೇಳಿದ ಕನ್ನಡವೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತಾಳೆ. ಬೆಳಿಗ್ಗೆ ಎಂಟಕ್ಕೆ ಮೂವರೂ ಹೊರಟರೆ ಮನೆಯಲ್ಲಿ ನಾನು ಮತ್ತು ಫ್ರಿಜ್ಜು. ಅದಾದರೂ ನಡುನಡುವೆ ಗುರ್ ಎನ್ನುತ್ತದೆ. ಊರೆಂದರೆ ಒಂದು ಚರ್ಚು, ಒಂದು ಶಾಲೆ, ಮಂದಿ ಸೇರುವ ಒಂದು ಸಭಾಭವನ, ಒಂದು ಅಂಗಡಿ. ಉಳಿದದ್ದೆಲ್ಲ ಹುಲ್ಲು, ಕುರಿ, ಆಕಳು, ಅವುಗಳ ಹಿಂದೆ ಗುಡ್ಡ. ಇಲ್ಲಿನವರ ಮುತ್ತಜ್ಜಂದಿರು ಸ್ಕಾಟ್ಲೆಂಡಿನಿಂದ ಹಡಗು ಹತ್ತಿ ಬಂದವರಂತೆ. ಅರ್ಧ ಊರಿನ ಅಡ್ಡಹೆಸರು ಮ್ಯಾಕ್ ಎಂದೇ ಶುರುವಾಗುತ್ತದೆ, ಸುಡುಗಾಡಿನ ಕಲ್ಲುಗಳ ಮೇಲೂ ಅದೇ. ಒಂದು ಮಾತು ಮೆಚ್ಚಬೇಕು: ಟೀವಿಯ ಇಂಗ್ಲಿಷಿನವರ ಹಾಗೆ ಇವರು ರಕಾರ ನುಂಗುವುದಿಲ್ಲ, ನಮ್ಮ ಹಾಗೆ ನಾಲಗೆ ಉರುಳಿಸಿ ಅನ್ನುತ್ತಾರೆ. ಅರ್ಥವಾಗದಿದ್ದರೂ ಕೇಳುವುದಕ್ಕೆ ನಮ್ಮ ಕಡೆಯವರೇ ಜಗಳ ಆಡಿದ ಹಾಗಿರುತ್ತದೆ.

ಮನೆಯಿಂದ ಅಂಗಡಿಗೆ ಒಂದೂವರೆ ಕಿಲೋಮೀಟರು. ಅಂಗಡಿಯ ಮೋರಾಗ್ ನನ್ನ ಸಲುವಾಗಿ ಹಸಿಮೆಣಸಿನಕಾಯಿ ತರಿಸಿಡುತ್ತಾಳೆ. ಮೆಣಸಿನಕಾಯಿ ನೆಪ. ನನಗೆ ಬೇಕಾದದ್ದು ಮನುಷ್ಯರ ಮುಖ. ಆ ರಸ್ತೆಯಲ್ಲಿ ಕಾಲ ಮೇಲೆ ನಡೆಯುವುದು ನಾನೊಬ್ಬಳು, ಇನ್ನೊಂದು ಅಲೆಕ್‌ನ ನಾಯಿ. ಅಲೆಕ್ ಎಂಬತ್ತು ದಾಟಿದ ರೈತ, ಹೆಂಡತಿ ಇಲ್ಲ, ಸರಿಯಾಗಿ ಅರ್ಧ ದಾರಿಯಲ್ಲಿ ಅವನ ಗೇಟು. ನನ್ನ ಮೊಣಕಾಲಿಗೂ ಆ ಗೇಟಿಗೂ ಏನೋ ಒಪ್ಪಂದ ಆಗಿತ್ತು. ಅಲ್ಲಿಗೆ ಬಂದರೆ ಇನ್ನು ಮುಂದೆ ಹೆಜ್ಜೆ ಇಡೆನೆಂದು ನಿಂತುಬಿಡುತ್ತಿತ್ತು. ನಮ್ಮ ಕಡೆಯಾದರೆ ಪ್ರತಿ ಮನೆಯ ಮುಂದೂ ಕಟ್ಟೆ; ಯಾರೂ ಕೂರಬಹುದು, ಕೇಳಿದರೆ ನೀರೂ ಸಿಗುತ್ತದೆ. ಇಲ್ಲಿ ಮನೆ ಕಟ್ಟುವವರು ದಾರಿಹೋಕರ ಕುಂಡಿಯ ವಿಚಾರವನ್ನೇ ಮಾಡಿಲ್ಲ. ಅಲೆಕ್ ಹಾಲಿನ ಹಳೆಯ ಕ್ಯಾನೊಂದನ್ನು ಹಲಗೆಯ ಮೇಲೆ ಅಡ್ಡ ಮಲಗಿಸಿ ಅಂಚೆಯ ಡಬ್ಬಿ ಮಾಡಿಕೊಂಡಿದ್ದ. ಎತ್ತರ ಸರಿಯಾಗಿತ್ತು. ನಾನು ಅವನ ಪತ್ರಗಳ ಮೇಲೆ ಕೂರತೊಡಗಿದೆ.

ಕೂತರೆ ಸಮಾಧಾನವೆಲ್ಲಿ? ಈ ದೇಶದಲ್ಲಿ ಮುದುಕಿಯೊಬ್ಬಳು ರಸ್ತೆ ಬದಿ ಕೂತಳೆಂದರೆ ಅವಳಿಗೆ ಏನೋ ಆಗಿದೆ ಎಂದೇ ಅರ್ಥ. ಹೋಗುವ ಕಾರು ನಿಲ್ಲುತ್ತಿತ್ತು, ಬರುವ ಯೂಟು ನಿಲ್ಲುತ್ತಿತ್ತು. ಯೂಟು ಅಂದರೆ ಹಿಂದೆ ಕುರಿ, ಹುಲ್ಲು, ನಾಯಿ ಹೇರುವ ಗಾಡಿ. "ಆರ್ ಯು ಆಲ್ ರೈಟ್, ಲವ್?" ನಾನು ಮೊಣಕಾಲು ತೋರಿಸುತ್ತಿದ್ದೆ. ಪಾಪ, ಒಳ್ಳೆಯ ಮಂದಿ. ಕೈ ಹಿಡಿದು ಹತ್ತಿಸಿಕೊಂಡು ವಾಪಸು ಮನೆಗೆ ಬಿಡುತ್ತಿದ್ದರು. ಒಂದು ವಾರದಲ್ಲಿ ಮೂರು ಸಲ ಅರ್ಧ ದಾರಿಯಿಂದ ನನ್ನನ್ನು ಎತ್ತಿ ತಂದರು. ಮೆಣಸಿನಕಾಯಿ ಅಲ್ಲೇ ಉಳಿಯಿತು.

ನಾಲ್ಕನೆಯ ಸಲ ಹಲಗೆ ಮುರಿಯಿತು. ನಾನು, ಕ್ಯಾನು, ಅಲೆಕ್‌ನ ಪತ್ರಗಳು, ಎಲ್ಲ ಒಟ್ಟಿಗೆ ಹಳ್ಳಕ್ಕೆ ಬಿದ್ದೆವು. ಯಾರೋ ಫೋನು ಮಾಡಿದರು, ಅಂಬುಲೆನ್ಸು ಬಂತು. ಅದರಿಂದ ಇಳಿದವಳು ಮೋರಾಗ್! ಇಲ್ಲಿ ಅಂಬುಲೆನ್ಸು ಓಡಿಸುವವರೂ ಊರವರೇ. ಅಂಗಡಿಗೆ ಚಿಲಕ ಹಾಕಿ, ಹಸಿರು ಅಂಗಿ ತೊಟ್ಟು ಬಂದಿದ್ದಳು. ಮೆಣಸಿನಕಾಯಿ ಕೊಡುವ ಕೈಯೇ ಇವತ್ತು ನನ್ನ ನಾಡಿ ಹಿಡಿಯಿತು. ಮೂಳೆ ಮುರಿದಿರಲಿಲ್ಲ. ಮುರಿದದ್ದು ನನ್ನ ಸ್ವಾತಂತ್ರ್ಯ. ಶೈಲಾ ಡ್ಯೂಟಿ ಬಿಟ್ಟು ಓಡಿ ಬಂದವಳು ಬಾಗಿಲಲ್ಲೇ ಶುರು ಮಾಡಿದಳು.

"ಅವ್ವಾ, ನಾಳಿಂದ ನೀ ಒಬ್ಬಾಕಿನ ಹೊರಗ ಹೋಗೂದು ಬಂದ್."

"ಹಂಗಾರ ಒಂದ ಹಗ್ಗ ತಂದ ಆಕಳ ಕಟ್ಟಿದಂಗ ಕಟ್ಟಿಬಿಡು."

"ಆಕಳರ ಹೇಳಿದ ಮಾತ ಕೇಳ್ತಾವ. ನಡುವ ಕುಂದ್ರಾಕ ಒಂದ ಜಾಗಾ ಆಗೂತನಕ ನೀ ಗೇಟ ದಾಟಂಗಿಲ್ಲ. ಮುಗೀತು."

ನರ್ಸು ಕೆಲಸ ಕಲಿಸಿದ್ದು ತಪ್ಪಾಯಿತು ಎನ್ನಿಸಿತು. ಹತ್ತು ದಿನ ಫ್ರಿಜ್ಜಿನೊಂದಿಗೆ ಕಳೆದೆ. ಹನ್ನೊಂದನೆಯ ದಿನ ಅನ್ವಿ ಒಂದು ಕಾಗದ ತಂದಳು. ಊರಿನ ಸಭಾಭವನದಲ್ಲಿ ಸಭೆಯಂತೆ, ಮುಂದಿನ ಹತ್ತು ವರ್ಷ ಊರಿಗೆ ಏನೇನು ಬೇಕು ಎಂದು ಎಲ್ಲರನ್ನೂ ಕೇಳುತ್ತಾರಂತೆ. ಹತ್ತು ವರ್ಷ! ಅಷ್ಟರಲ್ಲಿ ನನಗೆ ಬೇಕಾಗುವುದು ಕೂರುವ ಜಾಗವಲ್ಲ, ಮಲಗುವ ಜಾಗ. ಆದರೂ ಇಳಕಲ್ ಸೀರೆ ಉಟ್ಟು, ಮೇಲೊಂದು ಅಳಿಯನ ಜಾಕೀಟು ಹಾಕಿ, ಅನ್ವಿಯನ್ನು ಕರೆದುಕೊಂಡು ಹೋದೆ; ಅಳಿಯ ಕಾರಿನಲ್ಲಿ ಬಾಗಿಲಿಗೆ ಬಿಟ್ಟು ಕೆಲಸಕ್ಕೆ ಹೋದ.

ಸಭೆ ನಡೆಸುವವಳೂ ಮೋರಾಗ್. ಅಂಗಿ ಮಾತ್ರ ಬೇರೆ. ಒಂದು ಮೇಜಿನ ಮೇಲೆ ಚಹಾ ಮತ್ತು ಬ್ರೆಡ್ಡಿನೊಳಗೆ ಚೀಸು ಸುತ್ತಿ ಸುಟ್ಟ ಸುರುಳಿಗಳು. ಒಂದು ತಿಂದೆ, ಖಾರವಿಲ್ಲ, ಇನ್ನೊಂದು ತಿಂದೆ. ಇನ್ನೊಂದು ಮೇಜಿನ ಮೇಲೆ ಊರಿನ ನಕ್ಷೆ. ಬೇಕಾದದ್ದನ್ನು ಚೀಟಿಯಲ್ಲಿ ಬರೆದು ಆ ಜಾಗದ ಮೇಲೆ ಅಂಟಿಸಬೇಕು. ಒಬ್ಬರಿಗೆ ಮೊಬೈಲ್ ಟವರ್ ಬೇಕು, ಒಬ್ಬರಿಗೆ ಪ್ರವಾಸಿಗಳ ಸಲುವಾಗಿ ಸಂಡಾಸು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಬರುವುದೇ ನಮ್ಮ ಅಕ್ಷರ, ಅದೂ ಇರುವೆ ಸಾಲಿನಂತೆ. "ಕುಂದ್ರಾಕ ಒಂದು ಕಟ್ಟಿ" ಎಂದು ಬರೆದು ಅಲೆಕ್‌ನ ಗೇಟಿನ ಮೇಲೆ ಅಂಟಿಸಿದೆ. ಮಂದಿ ಬಗ್ಗಿ ಬಗ್ಗಿ ನೋಡಿದರು. ಅನ್ವಿ ಅವರ ಭಾಷೆಯಲ್ಲಿ ಹೇಳಿದಳು.

ಅಲೆಕ್ ಎದ್ದ. ಅವನ ಮಾತನ್ನು ಅನ್ವಿ ಅರ್ಧ ಹೇಳಿದಳು, ಇನ್ನರ್ಧ ಅವನ ಮುಖ ಹೇಳಿತು, ನಾನು ನಮ್ಮ ಮಾತಿಗೆ ಹಾಕಿ ಬರೆಯುತ್ತೇನೆ: "ಈ ದಾರ್‍ಯಾಗ ನಡ್ಯಾವ್ರ ಯಾರದಾರ? ಬೆಂಚ ಹಾಕಿದ್ರ ಕುಂದ್ರಾವ್ರ ಯಾರು?"

ನಾನೂ ಎದ್ದೆ. "ಕುಂದ್ರಾಕ ಜಾಗಾ ಇಲ್ಲಂತ ಯಾರೂ ನಡ್ಯಂಗಿಲ್ಲ. ನಿನ್ನ ಡಬ್ಬಿ ಮುರದದ್ದು ನೋಡಿರ ತಿಳೀಬೇಕಿತ್ತು ನಿನಗ, ಇಲ್ಲಿ ಕುಂದ್ರಾವ್ರು ಅದಾರಂತ."

ಅನ್ವಿ ಹೇಳಿದ ಕೂಡಲೇ ಸಭೆ ಗೊಳ್ಳೆಂದಿತು. ಅಲೆಕ್ ಕೂತ. ಆದರೆ ಮೋರಾಗ್ ತಲೆ ಕೆರೆದುಕೊಂಡಳು. ಬೆಂಚು ಯೋಜನೆಗೆ ಸೇರಿದರೆ ಕೌನ್ಸಿಲ್ಲಿನವರು ಬಂದು ನೋಡಬೇಕು, ವರದಿ ಬರೆಯಬೇಕು. ನಾಲ್ಕೋ ಐದೋ ವರ್ಷ. ಹತ್ತಿರದ ದಾರಿ ಒಂದಿದೆ: ತೀರಿಹೋದ ಯಾರದಾದರೂ ನೆನಪಿಗೆಂದರೆ ಬೇಸಿಗೆಯೊಳಗೆ ಆಗಿಬಿಡುತ್ತದೆ. ಈ ದೇಶದ ಪದ್ಧತಿ ನನಗೆ ಆಗ ತಿಳಿಯಿತು, ಇದ್ದವರು ಕೂರಬೇಕಾದರೆ ಮೊದಲು ಒಬ್ಬರು ಸತ್ತಿರಬೇಕು. ನಿಮ್ಮಲ್ಲಿ ಯಾರಾದರೂ ಹೋಗಿದ್ದಾರೆಯೇ ಎಂದು ಮೋರಾಗ್ ಮೆತ್ತಗೆ ಕೇಳಿದಳು. ಬೇಕಾದಷ್ಟು ಮಂದಿ, ಆರಿಸಿಕೋ ಅಂದೆ. ಅದನ್ನು ಹೇಳದೆ ಅನ್ವಿ, "ಮೈ ಅಜ್ಜ" ಅಂದುಬಿಟ್ಟಳು.

"ಅವರಿಗೆ ಕೂತು ಗುಡ್ಡ ನೋಡುವುದು ಇಷ್ಟವಿತ್ತೇ?"

"ಕುಂದ್ರೂದು ಇಷ್ಟ ಇತ್ತು. ಗುಡ್ಡ ಇರ್ಲಿ, ಬಿಡ್ಲಿ."

"ಅವರ ಹೆಸರು?"

ಅಲ್ಲಿ ಗಾಡಿ ನಿಂತಿತು. ಅನ್ವಿಗೆ ಅಜ್ಜನ ಹೆಸರು ಗೊತ್ತಿಲ್ಲ. ಅಜ್ಜ ಅಂದರೆ ಅಜ್ಜ. ನಾನೋ, ಮದುವೆಯಾದ ಮೇಲೆ ಆ ಹೆಸರನ್ನು ಬರಿದೆ ಬಾಯಲ್ಲಿ ಆಡಿದವಳಲ್ಲ. ರೇಷನ್ ಕಾರ್ಡಿನವನು ಕೇಳಿದರೂ ಪಕ್ಕದವರಿಂದ ಹೇಳಿಸಿದ್ದೇನೆ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದು ಒಡಪಿನಲ್ಲಿ ಮಾತ್ರ. ಪ್ರಾಸ ಕಟ್ಟಿ, ಅದರ ಕೊನೆಗೆ ಹೆಸರು ಸಿಕ್ಕಿಸಿ ಹೇಳಿದರೆ ದೋಷವಿಲ್ಲ. "ಅಜ್ಜಿ, ಜಸ್ಟ್ ಸೇ ಇಟ್!" ಎಂದು ಅನ್ವಿ ಸೀರೆ ಜಗ್ಗಿದಳು. "ಸುಮ್ಮನಿರು" ಎಂದು ಕಣ್ಣು ಮುಚ್ಚಿದೆ. ಮದುವೆಯಲ್ಲಿ ಹೇಳಿದ್ದು ಮರೆತಿತ್ತು, ಹೊಸದು ಕಟ್ಟಬೇಕು. ಮೋರಾಗ್ ಬಂದು ನನ್ನ ಕೈ ಹಿಡಿದಳು, ಯಾರೋ ಮೂಗು ಒರೆಸಿಕೊಂಡರು, ಅಲೆಕ್ ಟೊಪ್ಪಿಗೆ ತೆಗೆದ. ಮುದುಕಿಗೆ ದುಃಖ ಒತ್ತರಿಸಿ ಬಂತೆಂದು ತಿಳಿದಿದ್ದರು. ನಾನು ಹುಡುಕುತ್ತಿದ್ದದ್ದು ಉಪ್ಪಿನ ಜೊತೆ ಹೊಂದುವ ಸಾಲು. ಸಿಕ್ಕಿತು. ಕಣ್ಣು ತೆರೆದು ದೊಡ್ಡ ದನಿಯಲ್ಲಿ ಹೇಳಿದೆ:

"ಚಾಕ್ಕ ಬೇಕು ಸಕ್ಕರಿ, ಚಟ್ನಿಗೆ ಬೇಕು ಉಪ್ಪ,
ಕುಂತ ಕಟ್ಟಿ ಬಿಟ್ಟ ಏಳಂಗಿಲ್ಲ ನಮ್ಮ ರಾಯರು ಬಸಪ್ಪ!"

ಅನ್ವಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಅವರಿಗೆ ಬಿಡಿಸಿ ಹೇಳಿದಳು. ಒಂದು ಗಳಿಗೆ ಅವರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮೊದಲು ನಕ್ಕವನು ಅಲೆಕ್. ನಕ್ಕು, ಟೊಪ್ಪಿಗೆಯನ್ನು ಮತ್ತೆ ಇಟ್ಟುಕೊಂಡು, "ನಮ್ಮಾಕಿ ಐವತ್ತ ವರ್ಷ ಕುಂತದ್ದ ನಾ ನೋಡಿಲ್ಲ" ಎಂದ. "ಹಾಕ್ರಿ ಬೆಂಚ. ನನ್ನ ಬೇಲಿ ಎರಡ ಮಾರ ಹಿಂದಕ್ಕ ಸರಸ್ತೀನಿ."

ಬೇಸಿಗೆಯ ಒಂದು ಶನಿವಾರ ಊರ ಮಂದಿ ಸೇರಿ ಗುಂಡಿ ತೋಡಿದರು. ಅಲೆಕ್ ಬೆಂಚನ್ನು ಗುಡ್ಡದ ಕಡೆ ಮುಖ ಮಾಡಿ ಇಟ್ಟ. ನಾನು ಕೋಲೂರಿ ಹೋಗಿ ಕಾಂಕ್ರೀಟು ಸುರಿಯುವ ಕೈ ಹಿಡಿದೆ. "ಈ ಕಡೆ ತಿರುಗ್ಸು." ಇಡೀ ದೇಶದಲ್ಲಿ ಬೆಂಚುಗಳು ಗುಡ್ಡ, ಸಮುದ್ರ ನೋಡುತ್ತವೆ ಎಂದು ಅವನು ಅನ್ವಿಯ ಮೂಲಕ ವಾದಿಸಿದ. "ಗುಡ್ಡ ಎಲ್ಲಿ ಓಡಿ ಹೋಗ್ತದ? ಮಂದಿ ಹೋಗ್ತಾರ, ಮಂದೀನ ನೋಡಬೇಕು." ತಲೆ ಅಲ್ಲಾಡಿಸುತ್ತ ತಿರುಗಿಸಿದ. ಹಿತ್ತಾಳೆಯ ಪಟ್ಟಿಗೆ ಮೋರಾಗ್, "ಈ ಜಾಗವನ್ನು ಪ್ರೀತಿಸಿದ ಬಸಪ್ಪನ ನೆನಪಿಗೆ" ಎಂದು ಬರೆಯಹೊರಟಿದ್ದಳು. ಹುಬ್ಬಳ್ಳಿಯ ಆಚೆಗೆ ಹೋಗದವರು ಈ ಜಾಗವನ್ನು ಪ್ರೀತಿಸುವುದು ಹೇಗೆ? ಸುಳ್ಳಿನ ಮೇಲೆ ನಾನು ಕೂರುವುದಿಲ್ಲ ಅಂದೆ. ಈಗ ಅಲ್ಲಿ ಎರಡೇ ಸಾಲು ಇವೆ: ಬಸಪ್ಪ. ಕೂರುವುದು ಇವರಿಗೆ ಇಷ್ಟ. ಗುಡ್ಡ ನೋಡಲು ಬಂದ ಪ್ರವಾಸಿಗಳು ಅದರ ಮೇಲೆ ಮೊಣಕಾಲೂರಿ, ಬೆನ್ನಿನ ಹಲಗೆಯ ಮೇಲಿಂದ ಹಣಕುತ್ತಾರೆ, ಕಟ್ಟಿದವರಿಗೆ ಬುದ್ಧಿಯಿಲ್ಲ ಎಂದು ಬೈಯುತ್ತಾರೆ. ಬೈಯಲಿ.

ದಿನಾ ಅಂಗಡಿಗೆ ಹೋಗುತ್ತೇನೆಯೇ? ನಿಜ ಹೇಳಬೇಕೆಂದರೆ, ಈಗ ಬೆಂಚಿನ ಮುಂದಕ್ಕೆ ಹೋಗುವುದೇ ಕಡಿಮೆ. ಮೆಣಸಿನಕಾಯಿಯನ್ನು ಮೋರಾಗ್ ಅಲ್ಲಿಗೇ ತಂದು ಕೊಡುತ್ತಾಳೆ. ನಾಲ್ಕಕ್ಕೆ ಚಹಾ ಕುಡಿದು ಹೊರಡುತ್ತೇನೆ, ಹೆಗಲಿಗೊಂದು ಟವೆಲ್ಲು, ಗಾಳಿಗೆ. ಆ ತುದಿಗೆ ಅಲೆಕ್ ಬಂದು ಕೂರುತ್ತಾನೆ. ಅವನು ಅವನ ರಕಾರದಲ್ಲಿ ಏನೋ ಅನ್ನುತ್ತಾನೆ, ನಾನು ನನ್ನ ರಕಾರದಲ್ಲಿ ಏನೋ ಅನ್ನುತ್ತೇನೆ, ನಾಯಿ ಇಬ್ಬರಿಗೂ ಬಾಲ ಆಡಿಸುತ್ತದೆ. ಯಾರ ಯೂಟು ಯಾವ ಕಡೆ ಹೋಯಿತು, ಯಾಕೆ ಇನ್ನೂ ಬರಲಿಲ್ಲ, ಎಲ್ಲ ನಮ್ಮ ಲೆಕ್ಕದಲ್ಲಿರುತ್ತದೆ. ಹೋದ ಗುರುವಾರ ಬೆಳಕು ಇಳಿಯುತ್ತ ಬಂದಿತ್ತು. ಶೈಲಾ ಕಾರು ತಂದು ಎದುರಿಗೇ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಅವ್ವಾ, ರೊಟ್ಟಿ ಆರಾಕತ್ತಾವ, ಏಳು! ಕೆಳಗ ಬೇರ ಬಿಟ್ಟಾವೇನು?"

ನಾನು ಅವಳ ಕಡೆ ತಿರುಗಿ ಸಹ ನೋಡಲಿಲ್ಲ. ಮೋರಾಗ್‌ಳ ಅಂಬುಲೆನ್ಸು ಚರ್ಚಿನ ಕಡೆ ಹೊರಳುತ್ತಿತ್ತು, ಯಾರ ಮನೆಗೆ ಎಂದು ತಿಳಿಯಬೇಕಿತ್ತು. "ನೀ ನಡಿ, ನಾ ಬಂದೆ" ಎಂದೆ. ಬೆನ್ನಿಗೆ ಹಿತ್ತಾಳೆಯ ಪಟ್ಟಿ ಚುಚ್ಚಿತು. ಸ್ವಲ್ಪ ಸರಿದು ಕೂತೆ.