ಕಿಸೆಯೊಳಗ ಹಿಡಿಯೋ ಎಕ್ಸರೇ ಪುಸ್ತಕ

"ರ್ರೀ, ಅಕಿಗೆ ಕಿಸೆಯೊಳಗ ಹಿಡಿಯೋ ಪುಸ್ತಕ ತಂದುಕೊಡ್ರಿ. ದೊಡ್ಡದು ತರಬ್ಯಾಡ್ರಿ."

ನನ್ನ ಹೆಂಡತಿ ಕಡೀಕ ಹೇಳಿದ ಮಾತು ಇದು. ಆಮ್ಯಾಲೆ ಕಣ್ಣು ಮುಚ್ಚಿದಳು, ತೆಗೀಲಿಲ್ಲ.

ಅಕಿ ಅಂದರ ನಮ್ಮ ಮಗಳು. ಗದಗಿನಾಗ ಎಕ್ಸರೇ ತೆಗೆಯೋ ಕೋರ್ಸ್ ಕಲೀತಾಳ. ದವಾಖಾನಿ ಡ್ಯೂಟಿಗೆ ಹೋದರ ಕೈ ಹೆಂಗ ಇಡಿಸಬೇಕು, ಮೊಣಕಾಲು ಎತ್ತ ತಿರುಗಿಸಬೇಕು ಅನ್ನೂದ ಮರೀತಿದ್ದಳು. ಪೇಷಂಟ್ ಮುಂದ ಸರ್ ಬೈತಿದ್ದರು. ಮನಿಗೆ ಬಂದು ಅಳತಿದ್ದಳು. ಇನ್ನೊಮ್ಮೆ ಹಂಗಾದರ ಕೋರ್ಸ ಬಿಡ್ತೀನಿ ಅಂದಿದ್ದಳು.

ನಾನು ಬೆಟಗೇರಿಯೊಳಗ ಟೇಲರ್. ನಾನು ಹೊಲಿಯೂದು, ಹೆಂಡತಿ ಗುಂಡಿ ಹಚ್ಚೂದು. ಹೆಂಡತಿ ಹೋದಮ್ಯಾಲೆ ಮಷೀನಿಗೆ ಅರಿವಿ ಮುಚ್ಚಿದೆ. ಕೊರಳಾಗ ಟೇಪ್ ಹಾಕ್ಕೊಂಡು ಪುಸ್ತಕ ಹುಡುಕಾಕ ಹೊಂಟೆ. ಎಲ್ಲಾ ತಿಳಿದಾವ್ರು ಅನ್ನೋ ಶಾಣ್ಯಾರ ಹತ್ರ ಹೋದಲ್ಲೆಲ್ಲಾ ಏನರ ಒಂದು ಆಗೂದ ನೋಡ್ರಿ.

ಗದಗಿನ ಅಂಗಡಿ

"ಎಕ್ಸರೇ ಕಲಿಯಾವ್ರದು, ಕಿಸೆಯೊಳಗ ಇಡೋ ಪುಸ್ತಕ" ಅಂದೆ. ಅಂಗಡಿಯವರು ಎರಡೂ ಕೈಯಿಂದ ಎತ್ತಿ ಕೊಟ್ಟರು.

"ಇದು ಕಿಸೇದೇನ್ರಿ?"

"ರಟ್ಟಿನ ಮ್ಯಾಲೆ ಪಾಕೆಟ್ ಗೈಡ್ ಅಂತ ಬರದೈತಿ ನೋಡ್ರಿ."

ಟೇಪ್ ಹಿಡಿದೆ. ಮಗಳ ಬಿಳಿ ಏಪ್ರನ್ ಕಿಸೆ ಐದು ಇಂಚು ಅಗಲ. ಪುಸ್ತಕ ಏಳು. ದಪ್ಪ ಇಟ್ಟಂಗಿಯಷ್ಟು. ಅವರಿಗೆ ಸಿಟ್ಟು ಬಂತು.

"ಪುಸ್ತಕ ಓದಿ ತಗೋಬೇಕ್ರಿ ಯಜಮಾನ್ರ, ಅಳತಿ ನೋಡಿ ಅಲ್ಲ."

"ನೀವು ಓದೀರೇನ್ರಿ?"

"ನಾವ್ಯಾಕ ಓದೋಣ್ರಿ? ನಾವು ಮಾರಾವ್ರು."

ಲಕ್ಷ್ಮೇಶ್ವರದ ಉಸಿರು

ಹೆಂಡತಿಯ ತಮ್ಮ ಅಲ್ಲಿ ಎಕ್ಸರೇ ತೆಗೀತಾನ. ಯಾವ ಪುಸ್ತಕ ಚಲೋ ಅಂತ ಕೇಳಿದೆ.

"ಪುಸ್ತಕ ಏನಿದ್ರೂ ಬರಲಾರದವ್ರಿಗೆ ಮಾಂವಾ. ನನಗ ಎಲ್ಲಾ ಕೈಯಾಗ ಐತಿ."

ಅಷ್ಟರಾಗ ಯಳವತ್ತಿ ಹಳ್ಳಿಯ ಒಬ್ಬ ಮುದುಕ ಬಂದ. ಪಾದ ಉಳುಕಿತ್ತು. ಇವ ಮಲಗಿಸಿ, "ಉಸಿರು ಹಿಡೀರಿ" ಅಂದ. ಎದಿಗೂ ಅದ ಮಾತು, ಪಾದಕ್ಕೂ ಅದ ಮಾತು. ಎಕ್ಸರೇ ತೆಗೆದ. ಫೋನ್ ಬಂತು, ಹೊರಗ ಹೋದ. ಬಿಡ್ರಿ ಅನ್ನೂದ ಮರೆತ.

ನಾನು ಇಣುಕಿ ನೋಡಿದೆ. ಮುದುಕನ ಮಾರಿ ಕೆಂಪಗಾಗಿತ್ತು, ಕಣ್ಣು ಹೊರಗ ಬಂದಿದ್ದವು.

"ಬಿಡ್ರಿ ಯಜ್ಜಾ!" ಅಂತ ಒದರಿದೆ. ಬುಸ್ ಅಂತ ಬಿಟ್ಟ.

"ಪಾದದ ಎಕ್ಸರೇಕ ಉಸಿರು ಯಾಕ ಹಿಡೀಬೇಕೋ?" ಅಂತ ಹೊರಗ ಹೋಗಿ ಇವನ್ನ ಕೇಳಿದೆ.

"ಅಷ್ಟೊತ್ತರ ಬಾಯಿ ಮುಚ್ಚಿರ್ತಾರಲ್ಲ ಮಾಂವಾ. ಇಲ್ಲಾಂದ್ರ ನೂರೆಂಟು ಕೇಳ್ತಾರ."

ಶಿರಹಟ್ಟಿಯ ಬುದ್ಧಿ, ಮುಂಡರಗಿಯ ಕೆಲಸ

ಶಿರಹಟ್ಟಿಯೊಳಗ ನಮ್ಮಣ್ಣ ರಿಟೈರಾದ ಮಾಸ್ತರ. ಎಲ್ಲಾದಕ್ಕೂ ಅವನ ಹತ್ರ ಉತ್ತರ ಇರತೈತಿ.

"ದೊಡ್ಡ ಪುಸ್ತಕಾನ ಸಣ್ಣದು ಮಾಡಿಸಲೇ. ಮುಂಡರಗಿಯೊಳಗ ನನ್ನ ಶಿಷ್ಯನ ಜೆರಾಕ್ಸ್ ಅಂಗಡಿ ಐತಿ."

ಮಗಳು ಲೈಬ್ರರಿಯಿಂದ ತಂದಿದ್ದ ಪುಸ್ತಕ ಹೊತ್ಕೊಂಡು ಹೋದೆ. ಶಿಷ್ಯ ಅಂಗೈ ಅಗಲ ಮಾಡಿ, ಹೊಲಿದು, ರಟ್ಟು ಹಾಕಿ ಕೊಟ್ಟ. ಕಿಸೆಯ ಅಳತಿಗೆ ಬರೋಬ್ಬರಿ. ತೆಗೆದು ನೋಡಿದರ ಅಕ್ಷರ ಸಾಸಿವಿಗಿಂತ ಸಣ್ಣ. ಎಲುವಿನ ಚಿತ್ರ ಎಲ್ಲಾ ಕರೀ ಚುಕ್ಕಿ.

"ಓದಾಕ ಬರವಲ್ದಲ್ಲಪಾ."

"ಸಣ್ಣದು ಅಂದ್ರಿ, ಸಣ್ಣದು ಮಾಡೀನಿ. ಓದಾಕ ಬೇಕು ಅಂತ ಎಲ್ಲಿ ಹೇಳಿದ್ರಿ?"

ಅಣ್ಣಗ ತೋರಿಸಿದೆ. ಅವ ಭಾಳ ವಿಚಾರ ಮಾಡಿ ತನ್ನ ಭೂತಗನ್ನಡಿ ಕೊಟ್ಟ. ಅದು ಕಿಸೆಯೊಳಗ ಹಿಡೀಲಿಲ್ಲ.

ಬೆಟಗೇರಿಯ ಶಾಣ್ಯಾ

ಕಡೀಕ ಮಗಳು ತಾನ ಒಂದು ಪುಸ್ತಕ ಆರಿಸಿ ತಂದಳು. ಒಂದು ಪುಟಕ್ಕ ಒಂದ ಅಂಗ. ಮ್ಯಾಲೆ ಪೇಷಂಟ್ ಹೆಂಗ ಕುಂಡ್ರಬೇಕು ಅನ್ನೋ ಚಿತ್ರ, ಕೆಳಗ ಎಕ್ಸರೇ ಹೆಂಗ ಬರಬೇಕು ಅನ್ನೋ ಚಿತ್ರ. ಬೆನ್ನಿಗೆ ಸುರುಳಿ ತಂತಿ. ತೆರೆದಿಟ್ಟರ ತಾನ ಮುಚ್ಚಂಗಿಲ್ಲ, ಎರಡೂ ಕೈ ಕೆಲಸಕ್ಕ ಸಿಗತಾವು.

"ನಾಳೆ ಡ್ಯೂಟಿ ಐತಿ. ಇದೊಂದು ಇದ್ದರ ನಾ ಅಂಜಂಗಿಲ್ಲಪಾ" ಅಂದಳು.

ನಾನು ಟೇಪ್ ಹಿಡಿದೆ. ಆರು ಇಂಚು.

"ವಾಪಸ್ ಕೊಟ್ಟು ಬಾ."

"ಯಾಕ?"

"ಕಿಸೆಯೊಳಗ ಹಿಡಿಯಂಗಿಲ್ಲ. ನಿಮ್ಮವ್ವ ಏನ್ ಹೇಳ್ಯಾಳ?"

ಮಗಳು ನನ್ನ ನೋಡಿದಳು. ಕೊರಳಾಗಿನ ಟೇಪ್ ನೋಡಿದಳು. ಅರಿವಿ ಮುಚ್ಚಿದ ಮಷೀನ್ ನೋಡಿದಳು.

"ಅಪ್ಪಾ, ಈ ಏಪ್ರನ್ ಹೊಲಿದಾವ್ರು ಯಾರು?"

"ನಾನ."

"ಕಿಸೆ ಹಚ್ಚಿದಾವ್ರು?"

"ಅದೂ ನಾನ."

"ಪುಸ್ತಕ ಅಳತಿ ಮಾಡಕೋತ ನಾಕೂರು ತಿರುಗಿದೆಲ್ಲಪಾ! ಕಿಸೆ ದೊಡ್ಡದು ಮಾಡೂದು ಹೊಳೀಲಿಲ್ಲೇನು? ನೀ ಎಂಥಾ ಟೇಲರ್?"

ನಗಾಕತ್ತಿದಳು. ಅವ್ವ ಹೋದಮ್ಯಾಲೆ ಅಕಿ ನಕ್ಕಿದ್ದು ಅವತ್ತ ಮೊದಲು. ನನಗೂ ತಡೀಲಿಲ್ಲ. ಊರೂರಿನ ಶಾಣ್ಯಾರನ್ನ ನೋಡಿ ನಕ್ಕು ಬಂದಿದ್ದೆ. ಎಲ್ಲಾರಕಿಂತ ದೊಡ್ಡ ಶಾಣ್ಯಾ ನಮ್ಮ ಮನ್ಯಾಗ ಇದ್ದ.

ಮರುದಿನ ಬೆಳಿಗ್ಗೆ ಮಷೀನ್ ಮ್ಯಾಲಿನ ಅರಿವಿ ತಗದೆ. ಹಳೀ ಕಿಸೆ ಬಿಚ್ಚಿದೆ. ಉಳಿದಿದ್ದ ಬಿಳಿ ಅರಿವಿ ಕತ್ತರಿಸಿ ದೊಡ್ಡ ಕಿಸೆ ಹಚ್ಚಿದೆ. ಪುಸ್ತಕ ಇಟ್ಟು ನೋಡಿದೆ. ಕುಂತಿತು. ಬಗ್ಗಿದರ ಬೀಳಬಾರದು ಅಂತ ಮ್ಯಾಲೆ ಒಂದು ಗುಂಡಿ ಹಚ್ಚಿದೆ. ಸೊಟ್ಟ ಆತು. ಹೆಂಡತಿ ಇದ್ದಿದ್ದರ ಒಪ್ಪತಿರಲಿಲ್ಲ.

ಬಿಚ್ಚಿ ಮತ್ತ ಹಚ್ಚಿದೆ.