ಬಂಜೆತನಕ್ಕೆ ಬೇಕಾದ ಅಂತಸ್ತು

ಬಡ ಹೆಂಗಸರಿಗೆ ಬಂಜೆತನ ಬರುವುದಿಲ್ಲವೆಂದು ನಮ್ಮ ಆಸ್ಪತ್ರೆಯ ಸಲಹಾ ಸಮಿತಿ ಸರ್ವಾನುಮತದಿಂದ ತೀರ್ಮಾನಿಸಿದೆ. ಬಟ್ಟೆ ವ್ಯಾಪಾರಿಯಾದ ನಾನೂ ಅದರ ಸದಸ್ಯ, ಕೈ ಎತ್ತಿದ್ದೇನೆ. ಎತ್ತಿದ ಕೈ ಇಳಿಸುವ ಮೊದಲೇ ಕಟ್ಟಡದ ಹಂಚಿಕೆಯಾಯಿತು: ಕೆಳಮಹಡಿ, ಬಡವರಿಗೆ ಮಕ್ಕಳು ಸಾಕು ಎನ್ನುವ ವಿಭಾಗಕ್ಕೆ; ಮೇಲ್ಮಹಡಿ, ಅನುಕೂಲಸ್ಥರಿಗೆ ಮಕ್ಕಳು ಬೇಕು ಎನ್ನುವ ವಿಭಾಗಕ್ಕೆ.

ನನ್ನ ಅಂಗಡಿಯ ಪಕ್ಕದಲ್ಲಿ ಗಂಡನ ಜೊತೆ ಇಸ್ತ್ರಿ ಅಂಗಡಿ ನಡೆಸುವವಳಿಗೆ ಮಕ್ಕಳಿರಲಿಲ್ಲ. ಅತ್ತೆ ತನ್ನ ಮಗನಿಗೆ ಇನ್ನೊಂದು ಹೆಣ್ಣು ಹುಡುಕತೊಡಗಿದ್ದಳು. ಇವಳು ಆಸ್ಪತ್ರೆಗೆ ಓಡಿದಳು. ಕಾವಲುಗಾರ ಅವಳ ಚಪ್ಪಲಿ ನೋಡಿ ಕೆಳಮಹಡಿ ತೋರಿಸಿದ. ಅಲ್ಲಿಯ ನರ್ಸಮ್ಮ, ಮಕ್ಕಳೇ ಇಲ್ಲವೆಂದು ತಿಳಿದು ಬಲು ಮೆಚ್ಚಿ, ಮಾದರಿ ಗೃಹಿಣಿ ಎಂದು ಸ್ಟೀಲ್ ಡಬ್ಬಿ ಬಹುಮಾನ ಕೊಟ್ಟು ಕಳಿಸಿದಳು.

ವಿಷಯವನ್ನು ಸಮಿತಿಯ ಮುಂದಿಟ್ಟೆ. ಅಧ್ಯಕ್ಷರು ಕನ್ನಡಕ ಒರೆಸಿಕೊಂಡು, "ಮಕ್ಕಳಾಗಿಲ್ಲ ಅಂದ್ರೆ, ಆಕೆ ನಿಜವಾಗ್ಲೂ ಬಡವಳೇನಾ ಅಂತ ಮೊದಲು ವಿಚಾರಿಸಬೇಕು ಸಾಹುಕಾರ್ರೇ" ಎಂದರು. ಮಾತಿನಲ್ಲಿ ತೂಕವಿತ್ತು.

ಬಂದು ಅವಳಿಗೆ ಹೇಳಿದೆ: "ನೋಡಮ್ಮ, ಸರಕು ಅದೇ ಇದ್ರೂ ಗಿರಾಕಿ ನೋಡೋದು ಹೊದಿಕೇನ."

ಮರುದಿನ ಅವಳು, ಬ್ಯಾಂಕ್ ಮ್ಯಾನೇಜರ್ ಹೆಂಡತಿ ಇಸ್ತ್ರಿಗೆ ಕೊಟ್ಟಿದ್ದ ರೇಷ್ಮೆ ಉಟ್ಟು ಹೋದಳು. ಕಾವಲುಗಾರ ಸೆಲ್ಯೂಟ್ ಹೊಡೆದ. ಡಾಕ್ಟರಮ್ಮ ಎದ್ದು ನಿಂತರು. ಬಂಜೆತನ ಕೂಡಲೇ ಮಂಜೂರಾಯಿತು. ಮೇಲ್ಮಹಡಿಯ ನಿಯಮದಂತೆ ದೋಷ ಗಂಡಸರಲ್ಲೂ ಇರಬಹುದು. ಕೆಳಮಹಡಿಯಲ್ಲಿ ಈ ಸೌಲಭ್ಯವಿಲ್ಲ. ಹಾಗಾಗಿ ಗಂಡನೂ ಇಸ್ತ್ರಿಗೆ ಬಂದಿದ್ದ ವಕೀಲರ ಕರಿ ಕೋಟು ತೊಟ್ಟು ಪರೀಕ್ಷೆಗೆ ಹೋದ. ದೋಷ ಅವನದೇ ಎಂದಾಯಿತು. ಗುಳಿಗೆಯಲ್ಲೇ ವಾಸಿಯಾಗುವಂಥದ್ದು.

ಅತ್ತೆ ಹೆಣ್ಣಿನ ಕಡೆಯವರನ್ನು ಬಾಗಿಲಿನಿಂದಲೇ ಸಾಗಹಾಕಿದಳು. ಆದರೆ ವಂಶದ ಮರ್ಯಾದೆ ಬಿಟ್ಟುಕೊಡಲಿಲ್ಲ. "ನನ್ನ ಮಗ ಗುಂಡುಕಲ್ಲು ಇದ್ದಂಗಿದಾನೆ. ದೋಷ ಸಿಕ್ಕಿದ್ದು ಕೋಟು ಹಾಕ್ಕೊಂಡಾಗ. ಗುಳಿಗೇನೂ ಕೋಟು ಹಾಕ್ಕೊಂಡೇ ನುಂಗ್ಲಿ."

"ಹಂಗೇ ಆಗ್ಲಿ ಅತ್ತೆ, ನುಂಗಿದ್ರೆ ಸಾಕು," ಎಂದು ಸೊಸೆ ಕೋಟು ಹಿಡಿದು ನಿಂತಳು.

ಸೊಸೆಗೆ ಈಗ ಮೂರು ತಿಂಗಳು. ಗುಳಿಗೆ ಮುಗಿದಿದೆ; ಕೋಟು ನಿಲ್ಲಿಸುವ ಧೈರ್ಯ ಮಾತ್ರ ಯಾರಿಗೂ ಇಲ್ಲ. ಬೆಳಗ್ಗೆ ಗಂಡ ಅದನ್ನು ತೊಟ್ಟು, ಒಂದು ಲೋಟ ನೀರು ಕುಡಿದು ಕಳಚುತ್ತಾನೆ. ಹೆಂಡತಿ ಇಸ್ತ್ರಿ ಹಾಕುತ್ತಾಳೆ. ಅಷ್ಟು ಹೊತ್ತು ವಕೀಲರು ಬರೀ ಅಂಗಿಯಲ್ಲಿ ನನ್ನ ಅಂಗಡಿಯ ಬೆಂಚಿನ ಮೇಲೆ ಕಾಯುತ್ತಾರೆ. ಹೆರಿಗೆಯಾಗುವವರೆಗೆ ನ್ಯಾಯಾಲಯ ಅರ್ಧ ಗಂಟೆ ತಡವಾಗಿ ಆರಂಭವಾಗುವುದು ಎಂದು ಪ್ರಕಟಣೆ ಹೊರಬಿದ್ದಿದೆ.