ಹೆಣ್ಣು ನೋಡುವ ದಿನ ಬಿದ್ದ ಹಲ್ಲಿ

ಹೊಳೆನರಸೀಪುರದಲ್ಲಿ ಹಲ್ಲಿಗಾಗಿ ತಾರಸಿ ಮನೆ ಕಟ್ಟಿಸಿದ ಮನುಷ್ಯ ಯಾರಾದರೂ ಇದ್ದರೆ ಅದು ನನ್ನ ಸೋದರಮಾವ. ಅತ್ತೆ ಮತ್ತು ಅವರ ಮಗಳು ಅದರಲ್ಲಿ ಬಾಡಿಗೆಗಿದ್ದಾರೆ, ಅಷ್ಟೇ!

ಮಾವ ಕೊಬ್ಬರಿ ವ್ಯಾಪಾರಿ. ಸಂಜೆ ಅಂಗಡಿಯಿಂದ ಬಂದವರೇ ಕಾಫಿ ಲೋಟ ಹಿಡಿದು ಟ್ಯೂಬ್‌ಲೈಟಿನ ಕೆಳಗೆ ಹಲ್ಲಿ ನೋಡುತ್ತಾ ಕೂರುತ್ತಾರೆ. ಟಿವಿ ಇಲ್ಲವೇ? ಇದೆ, ನಮ್ಮಂಥ ಸಾಮಾನ್ಯರಿಗೆ. "ನೋಡ್ಲಾ, ಅದುಕ್ಕೆ ರೆಪ್ಪೆ ಇಲ್ಲ. ಕಣ್ಣಿಗೆ ಧೂಳು ಬಿದ್ರೆ ನಾಲ್ಗೇಲೇ ಒರಸ್ಕತದೆ" ಎಂದು ನನಗೆ ಪಾಠ. ಅತ್ತೆಗೆ ಕನ್ನಡಕ ಬಂದದ್ದು ಮಾತ್ರ ಅವರ ಗಮನಕ್ಕೆ ಬರಲು ವರ್ಷ ಹಿಡಿಯಿತು.

ಬಣ್ಣ ಹೊಡೆಸುವಾಗ ನಡುಮನೆಯ ಗಡಿಯಾರದ ಹಿಂದೆ ಎರಡು ಬಿಳಿ ಮೊಟ್ಟೆ ಕಂಡವು. "ಮರಿ ಆಗಗಂಟ ಈ ಗೋಡೆ ಮುಟ್ಬ್ಯಾಡ" ಎಂದು ಬಣ್ಣದವನಿಗೆ ಮಾವನ ಅಪ್ಪಣೆಯಾಯಿತು. ಹೀಗಾಗಿ ಮೂರು ಗೋಡೆಗೆ ಹೊಸ ಹಸಿರು, ಒಂದಕ್ಕೆ ಹಳೆಯ ಮಾಸಲು ಹಳದಿ. ಯಾರಾದರೂ ಕೇಳಿದರೆ ಅತ್ತೆ, "ಈಗಿನ ಫ್ಯಾಷನ್ ಕಣವ್ವ" ಎನ್ನುತ್ತಿದ್ದರು, ಪಾಪ.

ಆ ನಡುಮನೆಗೇ ಮೊನ್ನೆ ಮಾವನ ಮಗಳನ್ನು ನೋಡಲು ಚನ್ನರಾಯಪಟ್ಟಣದವರು ಬಂದರು. ಮೊದಲ ಮದುವೆ ಮುರಿದು ತವರಿಗೆ ಬಂದ ಅವಳಿಗೆ ಮತ್ತೆ ಕೂಡಿಬಂದ ಸಂಬಂಧ. ಹುಡುಗ ಒಪ್ಪಿದ್ದ, ಅವನ ತಾಯಿ ಒಪ್ಪಬೇಕಿತ್ತು. ಆ ತಾಯಿ ಉಪ್ಪಿಟ್ಟಿನ ತಟ್ಟೆಗೆ ಕೈ ಹಾಕಿದ್ದೇ ತಡ, ಹಲ್ಲಿ ಮೇಲಿನಿಂದ ಅವರ ತಲೆಯ ಮೇಲೆ ಬಿತ್ತು! ಗಾಜಿಗೂ ಅಂಟಿಕೊಳ್ಳುವ ಪಾದ ಎಂದು ಮಾವ ಇಷ್ಟು ದಿನ ಹೊಗಳಿದ್ದು ಇದನ್ನೇನಾ? ಅವರು ಕೊಡವಿದ ರಭಸಕ್ಕೆ ಹಲ್ಲಿ ಪರಾರಿಯಾಯಿತು. ಕಳಚಿದ ಬಾಲ ಮಾತ್ರ ಮಡಿಲಿನಲ್ಲಿ ಕುಣಿಯತೊಡಗಿತು.

ತಲೆಯ ಮೇಲೆ ಹಲ್ಲಿ ಬೀಳುವುದಕ್ಕಿಂತ ಅಪಶಕುನ ಬೇಕೆ? "ನಡೀರಿ, ಓಗಾನ" ಎಂದರು ಹುಡುಗನ ದೊಡ್ಡಪ್ಪ.

ಇನ್ನು ಬಾಲದ ಬಗ್ಗೆ ಮಾವನ ಉಪನ್ಯಾಸ ಶುರುವಾಗುತ್ತದೆ, ಸಂಬಂಧ ಹೊಳೆಪಾಲಾಗುತ್ತದೆ ಎಂದುಕೊಂಡೆ. ಮಾವ ಎದ್ದರು. ಬಾಲದ ಕಡೆ ನೋಡಲೇ ಇಲ್ಲ. ಆ ತಾಯಿಯ ಮುಂದೆ ಕೈಮುಗಿದು ನಿಂತರು.

"ಅವ್ವ, ಹಲ್ಲೀನ ಮುದ್ದು ಮಾಡ್ದೋನು ನಾನು. ನನ್ ಮಗ್ಳು ಬಾಳ ನೊಂದವ್ಳೆ. ಇದುಕ್ಕೋಸ್ಕರ ಅವ್ಳನ್ನ ಬ್ಯಾಡ ಅನ್ಬ್ಯಾಡಿ."

ಮಾವನ ಬಾಯಲ್ಲಿ ಅಂಥ ದನಿಯನ್ನು ನಾನು ಕೇಳಿರಲಿಲ್ಲ.

ಆ ತಾಯಿ ಅಡುಗೆಮನೆಯ ಬಾಗಿಲಲ್ಲಿ ತಲೆತಗ್ಗಿಸಿ ನಿಂತಿದ್ದ ಹುಡುಗಿಯನ್ನು ನೋಡಿದರು. ಮಡಿಲು ಕೊಡವಿಕೊಂಡು ಎದ್ದರು. "ಹಲ್ಲಿ ಬಿದ್ರೆ ತಲೆಗೆ ನೀರು ಉಯ್ಕಬೇಕು, ಅಷ್ಟೇಯ. ಅದುಕ್ಕೆ ಊರುಗಂಟ ಯಾಕೆ ಓಗಾನ?" ಎಂದು ದೊಡ್ಡಪ್ಪನನ್ನು ಕೂರಿಸಿದರು. ಆಮೇಲೆ ಹುಡುಗಿಯ ಹತ್ತಿರ ಹೋಗಿ ಹೇಳಿದರು:

"ನೀರು ಕಾಯ್ಸು ಮಗ. ಉಟ್ಕಳಕ್ಕೆ ನಿಂದೇ ಒಂದು ಸೀರೆ ಕೊಡು."